ಕಿವಿ ಅಯ್ಯಪ್ಪನ ಲೈಟು

3 ಫೆಬ್ರವರಿ 2025, ಸೋಮವಾರ, ಸಂಜೆ 6

ಎರಡು ಕಾರ್ಬೋರೇಟರ್ ತೊಳೆದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ದೇವದುರ್ಗದ ವೆಂಕೋಬನ ಫೋನು. ಅವರಪ್ಪನ ಕಾಲದ ಫಿಯಾಟ್ ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ರಾಯಚೂರಿನಿಂದ ಬೈಕ್ ಹತ್ತಿ ಮಾನ್ವಿಗೆ ಹೋದೆ. ಬಸ್ ಸ್ಟ್ಯಾಂಡ್ ಮುಂದೆ ಒಂದು ತಾಸು ಕಾದೆ. ಕಾರೇ ಇಲ್ಲ. ಮತ್ತೆ ಫೋನ್ ಮಾಡಿದರೆ—

"ನಾ ನೀರಮಾನ್ವಿ ಅಂದಿದ್ನಲ್ರಿ! ನಮ್ಮುಂದನ ಬೈಕ್ ಮ್ಯಾಲೆ ಭರ್ ಅಂತ ಹೋದ್ರಿ. ಎಷ್ಟ್ ಕೂಗಿದೆ!"

ನೆಟ್‌ವರ್ಕ್ ಮೇಲೆ ಹಾಕಿದೆ. ಸುಳ್ಳು. ನೀರಮಾನ್ವಿ ದಾರಿಯಲ್ಲೇ ಸಿಗುವ ಬೇರೆ ಊರು; ಆ 'ನೀರ' ನನ್ನ ಕಿವಿಗೆ ಬಿದ್ದೇ ಇಲ್ಲ. ಬಲಗಿವಿ ಹೋಗಿ ವರ್ಷವಾಯಿತು. ಈಗ ಎಡಗಿವಿಯೂ...

5 ಫೆಬ್ರವರಿ, ಬುಧವಾರ

ಅಂಗಡಿ ಬೋರ್ಡಿನ ಮೇಲೆ 'ಕಿವಿ ಅಯ್ಯಪ್ಪ' ಎಂದೇ ಇದೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಲಾಲ್ ಸಾಬ್ ಇಟ್ಟ ಹೆಸರು. ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲೆ, ಹಿಡಿಕೆ ಕಿವಿಗೆ. ಅಷ್ಟೇ ಅವರ ವಿದ್ಯೆ. "ಮೀಟರ್ ಇಟಗೊಂಡಾವ ಕಿವುಡ ಲೇ" ಅನ್ನುತ್ತಿದ್ದರು. ಪುಣ್ಯಾತ್ಮ, ಈಗಿಲ್ಲ.

ಎಂಜಿನ್ನಿನ ಕಿಡಿ ಯಾವಾಗ ಹಾರುತ್ತದೆಂದು ಕಣ್ಣಿಗೆ ತೋರಿಸುವ ಟೈಮಿಂಗ್ ಲೈಟ್ 2,900. ಎಂಜಿನ್ ಗಾಳಿ ಎಳೆಯುವುದನ್ನು ಅಳೆಯುವ ವ್ಯಾಕ್ಯೂಮ್ ಗೇಜ್ 1,400. ಕಿವಿ ಮಷಿನ್ ಒಂದಕ್ಕೇ ಹದಿನೆಂಟು ಸಾವಿರ. ರೊಕ್ಕದ ತೊಡಕಲ್ಲ. ಮಷಿನ್ ಹಾಕಿದರೆ ಬೋರ್ಡ್ ಇಳಿಸಬೇಕು. ಲೈಟ್ ಹಿಡಿದರೆ ಗಿರಾಕಿ ಕೇಳುತ್ತಾನೆ, ಕಿವಿ ಏನಾಯ್ತೆಂದು. ಎರಡೂ ಬೇಡವೆಂದರೆ ಟೈಮಿಂಗ್ ತಪ್ಪಿ ಯಾರದೋ ಪಿಸ್ಟನ್ ತೂತು. ಅತ್ತ ದರಿ, ಇತ್ತ ಪುಲಿ ಅಂತಾರೆ. ನನಗೆ ಮೂರನೇ ದಿಕ್ಕೂ ಮುಚ್ಚಿದೆ.

14 ಫೆಬ್ರವರಿ, ಶುಕ್ರವಾರ

ಗುಟ್ಟಾಗಿ ತರಿಸಿದ ಟೈಮಿಂಗ್ ಲೈಟ್ ಬಂತು. ಲಲಿತಾಳೇ ಕೊರಿಯರ್ ತಗೊಂಡಿದ್ದು.

"ಏನ್ರಿ ಇದು, ಪಿಸ್ತೂಲ್ ಇದ್ದಂಗ ಅದ?"

"ಬಣ್ಣ ಹೊಡಿಯೋ ಗನ್."

ಕಟ್ಟಿಕೊಂಡವಳಿಗೂ ಸುಳ್ಳು. ಮಧ್ಯಾಹ್ನ ಅಂಗಡಿಯಲ್ಲಿದ್ದ ಅಂಬಾಸಿಡರಿಗೆ ಹಿಡಿದು ನೋಡಿದೆ. ತಿರುಗುವ ಪುಲ್ಲಿಯ ಮೇಲಿನ ಗುರುತು ನಿಂತಂತೆ ಕಂಡಿತು. ನನ್ನ ಕಿವಿ 'ಸರಿ' ಎಂದಿದ್ದ ಎಂಜಿನ್ನಿನ ಕಿಡಿ ಎಂಟು ಡಿಗ್ರಿ ಮುಂಚೆಯೇ ಹಾರುತ್ತಿತ್ತು. ಶಟರ್ ಎಳೆದುಕೊಂಡು ಅತ್ತೆ. ಲೈಟನ್ನು ಹಳೇ ಟೈರುಗಳ ಹಿಂದೆ ಇಟ್ಟೆ.

16 ಫೆಬ್ರವರಿ, ಭಾನುವಾರ

ವೆಂಕೋಬ ಫಿಯಾಟ್ ತಂದ. ಚಹಾ ಕುಡಿದು ಬಾ ಎಂದು ಕಳಿಸಿದೆ. ಅಷ್ಟರಲ್ಲಿ ಲೈಟ್ ಹಿಡಿದು ಟೈಮಿಂಗ್ ಕೂಡಿಸಿ, ಬಚ್ಚಿಟ್ಟೆ. ಅವನು ಬಂದ ಮೇಲೆ ನಾಟಕ. ಸ್ಕ್ರೂಡ್ರೈವರ್ ಕಿವಿಗೆ, ಕಣ್ಣು ಮುಚ್ಚಿ... ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ. ತಲೆದೂಗಿದೆ ಕೂಡ!

"ವಾಹ್ರಿ ಉಸ್ತಾದ್! ಏನ್ ಕಿವಿ ಅದಾವ್ರಿ ನಿಮ್ಮವು!"

ವಿಡಿಯೋ ಬೇರೆ ಮಾಡಿದ. ಗಾಡಿ ಮಾತ್ರ ಬೆಣ್ಣೆಯಂತೆ ಓಡಿತು. ನಾಚಿಕೆಯಾಯಿತು. ಖುಷಿಯೂ ಆಯಿತು, ಅದೇ ಇನ್ನೂ ನಾಚಿಕೆ.

1 ಮಾರ್ಚ್, ಶನಿವಾರ, ಬೆಳಿಗ್ಗೆ 11

ವಿಡಿಯೋ ಊರೆಲ್ಲ ಓಡಾಡಿದೆ. ವೆಂಕೋಬನ ಮೆಸೇಜು: "ನಾಳೆ ಆರು ಹಳೇ ಗಾಡಿ ತರ್ತೀವ್ರಿ. ನಿಮ್ಮ ಕಣ್ಣಿಗಿ ಬಟ್ಟಿ ಕಟ್ಟಿ ಆರೂ ಚಾಲೂ ಮಾಡ್ತೀವಿ. ಯಾವುದು ಮಿಸ್ ಹೊಡ್ಯಾಕತ್ತದ ಹೇಳ್ರಿ ಸಾಕು."

ಕಣ್ಣಿಗೇ ಬಟ್ಟೆ. ಇರುವುದು ಅದೊಂದೇ.

ಆಗಲ್ಲ ಅನ್ನಬಹುದಿತ್ತು. ಜ್ವರ ಅನ್ನಬಹುದಿತ್ತು. "ಬರ್ರಿ" ಎಂದು ಬರೆದು ಕಳಿಸಿದೆ. ಹೆಸರಿನ ಹುಚ್ಚು, ಬೇರೇನಿಲ್ಲ. ನಾಳೆ ಹತ್ತಕ್ಕೆ ಬರುತ್ತಾರೆ.

ಬಾಗಿಲಲ್ಲಿ ಲಲಿತಾ. ಯಾವಾಗ ಬಂದಳೋ. ಕತ್ತಿನ ನರ ಉಬ್ಬಿದೆ, ಬಹಳ ಹೊತ್ತಿನಿಂದ ಕೂಗಿರಬೇಕು. ಕೈಯಲ್ಲಿ ಆ ಲೈಟು. ನನ್ನ ಎದುರಿಗೆ ಬರುತ್ತಿಲ್ಲ. ಸುತ್ತು ಹಾಕಿ ಬಲಗಡೆಗೆ ಬಂದು, ಬಗ್ಗಿ, ಸತ್ತ ಆ ಕಿವಿಯ ಹತ್ತಿರ ಏನೋ ಅಂದು ನನ್ನ ಮುಖ ನೋಡುತ್ತಿದ್ದಾಳೆ. ಅವಳಿಗೆ ಗೊತ್ತಾಗಿದೆ.