ಬರೆದುಕೊಳ್ಳದ ಮೂರು ದೂರು

ಮಾರ್ಚ್ ೩, ಸಂಜೆ ೬.೪೦

ಇಡೀ ದಿನ ಪ್ರೆಸ್ಸಿನಲ್ಲಿ ಚುನಾವಣೆಯ ಕರಪತ್ರಗಳೇ. ಕಣ್ಣು ಉರಿ. ಮಧ್ಯಾಹ್ನ ತಂಗಿಯ ಗಂಡ ಬಂದಿದ್ದ. ವಾರ್ಡಿಗೆ ನಿಂತಿದ್ದಾನಂತೆ.

"ಅತ್ತಿಗೆ, ನೀವೇ ಟೈಪ್ ಮಾಡ್ಬೇಕು. ನಿಮ್ಮ ಕೈಗುಣ ಒಳ್ಳೇದು."

ತಂಗಿಯ ಫೋಟೊ. ಕೆಳಗೆ — "ಅಗಲಿದ ಪ್ರೀತಿಯ ಮಡದಿಯ ಕನಸನ್ನು ನನಸಾಗಿಸಲು". ಟೈಪ್ ಮಾಡಿದೆ. ಒಂದಕ್ಷರ ತಪ್ಪಲಿಲ್ಲ. ಅವಳು ಹೋಗಿ ಎಂಟು ತಿಂಗಳು. ಮೆಟ್ಟಿಲಿಂದ ಜಾರಿಬಿದ್ದಳು ಎಂದು ಫೈಲು ಮುಚ್ಚಿದ್ದಾರೆ.

ಮಾರ್ಚ್ ೪

ಊಟದ ಬಿಡುವಿನಲ್ಲಿ ಠಾಣೆಗೆ ಹೋದೆ. ದೂರು ಬರೆದುಕೊಳ್ಳುವ ರೈಟರ್, ಅಂದಿನ ಅದೇ ಪೇದೆ. ತಂಗಿ ಬದುಕಿದ್ದಾಗ ಮೂರು ಸಲ ಅವಳನ್ನು ಕರೆದುಕೊಂಡು ಹೋಗಿದ್ದೆ. ಮೂರು ಸಲವೂ ಒಂದು ಸಾಲು ಬರೆಯಲಿಲ್ಲ.

"ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಕಣಮ್ಮ" ಎಂದಿದ್ದ. ಅವಳ ತುಟಿ ಒಡೆದಿತ್ತು. ಉಣ್ಣುವುದು ಹೇಗೆ?

ಇವತ್ತು ಕರಪತ್ರ ತೋರಿಸಿ, ಇದು ಸುಳ್ಳು, ಬರೆದುಕೊಳ್ಳಿ ಎಂದೆ.

"ತನ್ನನ್ನ ತಾನು ಹೊಗಳಿಕೊಂಡ್ರೆ ಅಪರಾಧ ಅಲ್ಲಮ್ಮ. ಇನ್ನೊಬ್ಬರನ್ನ ತೆಗಳಿದ್ರೆ ಮಾತ್ರ."

ಮಾರ್ಚ್ ೭, ಬೆಳಿಗ್ಗೆ ೯

ನಿನ್ನೆ ಮಾಲೀಕರು ಹೊರಗೆ ಹೋದಾಗ ನನ್ನದೇ ಒಂದು ಕರಪತ್ರ ಮಾಡಿ ಇನ್ನೂರು ಪ್ರತಿ ತೆಗೆದೆ. ಐದೇ ಸಾಲು. ತಂಗಿಗೆ ಅವಳ ಗಂಡ ಹೊಡೆದ ತಾರೀಕುಗಳು, ಆಸ್ಪತ್ರೆ ಚೀಟಿಯ ನಂಬರು. ಈಗಷ್ಟೇ ಅವನ ಬೀದಿಯಲ್ಲೇ ಹಂಚಿ ಬಂದೆ.

ಸಂಜೆ

ಹಂಚಿದ ಮೂರೇ ಗಂಟೆಯೊಳಗೆ ಪೊಲೀಸ್ ಜೀಪು ಬಂತು. ಅಭ್ಯರ್ಥಿಯ ಮೇಲೆ ಸುಳ್ಳು ಪ್ರಚಾರ ಎಂದು ಅವನ ದೂರು. ಕಾನೂನಿಗೆ ಇಷ್ಟು ಜೋರಾಗಿ ಓಡಲು ಬರುತ್ತದೆಂದು ಗೊತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ನನ್ನ ಅಭ್ಯಾಸದಿಂದಲೇ. ಹದಿನಾರು ವರ್ಷ ಟೈಪ್ ಮಾಡಿದ ಕೈ — ಚುನಾವಣೆ ನಿಯಮದಂತೆ ತಾನಾಗಿಯೇ ಅಡಿಯಲ್ಲಿ ಪ್ರೆಸ್ಸಿನ ಹೆಸರು, ವಿಳಾಸ, ಪ್ರತಿಗಳ ಸಂಖ್ಯೆ ಹಾಕಿಬಿಟ್ಟಿತ್ತು.

"ಕಳ್ಳತನ ಮಾಡಿ ರಸೀದಿ ಬೇರೆ ಕೊಟ್ಟಿದೀಯಲ್ಲೇ ತಾಯಿ!" ಮಾಲೀಕರು ಹಣೆ ಚಚ್ಚಿಕೊಂಡರು.

ಮಾರ್ಚ್ ೮

ರಾಜಿಯಂತೆ. ಹಂಚಿದ್ದೆಲ್ಲ ಸುಳ್ಳು ಎಂದು ಸಹಿ ಮಾಡಿದರೆ ದೂರು ವಾಪಸ್.

ಅಮ್ಮ ಕೈಹಿಡಿದಳು. "ಮಾಡಿಬಿಡೇ. ಒಬ್ಬಳನ್ನ ಕಳ್ಕೊಂಡಿದೀನಿ. ಸತ್ತವಳು ನ್ಯಾಯ ಕೇಳ್ತಾಳಾ?"

ಅವಳಿಗೂ ಹೊಂದಿಕೊಂಡು ಹೋಗು ಅಂದವಳು ನೀನೇ ಅಲ್ಲವಾ ಎಂದು ಬಾಯಿಗೆ ಬಂದಿತ್ತು. ನುಂಗಿದೆ. ನಾನೂ ಒಂದು ಸಲ ಅಂದಿದ್ದೆ...

ಮಾರ್ಚ್ ೧೧

ಠಾಣೆಯ ಮೇಜಿನ ಮೇಲೆ ಕ್ಷಮಾಪಣೆ ಪತ್ರ ಸಿದ್ಧವಿತ್ತು. ಸಹಿ ಮಾಡಲಿಲ್ಲ.

"ಹಾಗಾದ್ರೆ ಹೇಳಿಕೆ ಕೊಡು" ಎಂದ ರೈಟರ್. ಕೊಟ್ಟೆ. ಒಡೆದ ತುಟಿ, ಮುರಿದ ಬೆರಳು, ಮೂರು ಸಲ ಠಾಣೆಗೆ ಬಂದು ಹಿಂದಿರುಗಿದ್ದು. ಆರೋಪಿ ಹೇಳಿದ್ದನ್ನೆಲ್ಲ ಬರೆದುಕೊಳ್ಳಲೇಬೇಕಂತೆ. ಬರೆದ. ನಾಲ್ಕು ಪುಟ.

"ವಾಪಸ್ ಕಳಿಸಿದ್ದು ನಾನೇ ಅಂತಾನೂ ಬರೀಬೇಕೇನಮ್ಮ?"

"ಬರೀರಿ ಸರ್."

ದೂರು ಕೊಡಲು ಹೋದವಳಿಗೆ ಸಿಗದ ಕಾಗದ ಆರೋಪಿಗೆ ಸಿಕ್ಕಿತು.

ಮಾರ್ಚ್ ೧೪, ಸಂಜೆ ೭

ಅವನು ಗೆದ್ದ. ಭಾರಿ ಅಂತರ. ಮಾಲೀಕರು ಬೇರೆ ಕೆಲಸ ನೋಡಿಕೋ ಎಂದರು. ಮುಖ ನೋಡಿ ಹೇಳಲಿಲ್ಲ.

ಮೂರು ದಿನದಿಂದ ಅಮ್ಮನ ಮಾತಿಲ್ಲ. ಈಗ ಪೆಟ್ಟಿಗೆಯಿಂದ ತಂಗಿಯ ಮುರಿದ ಬೆರಳಿನ ಎಕ್ಸ್‌ರೇ ತೆಗೆದು ನನ್ನ ಚೀಲದಲ್ಲಿಟ್ಟಳು. ಅದು ಮನೆಯಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಯಾಕಮ್ಮ ಎಂದು ಕೇಳಬೇಕು... ಇವತ್ತು ಬೇಡ.

ನಾಳೆ ಹತ್ತೂವರೆಗೆ ಕೋರ್ಟು, ನನ್ನ ಮೇಲಿನ ಕೇಸು. ಬಸ್ಸು ಎಂಟಕ್ಕೆ.