ಪಟ್ಟಿ ಹಿಡಿದವಳು ನಾನು

ಹೇವರ್ಡ್
೨೨ ಅಕ್ಟೋಬರ್ ೧೯೮೫

ಪೂಜ್ಯ ಕೋಚ್ ಅಜ್ಜನವರಿಗೆ, ವಸುಧಾ ಮಾಡುವ ನಮಸ್ಕಾರಗಳು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನನ್ನ ಕೈ ತಾನಾಗಿ ರಿಪೋರ್ಟಿನ ಭಾಷೆಗೆ ಹೊರಳುತ್ತದೆ, ಆ ಭಾಷೆಯಲ್ಲಿ ಒಮ್ಮೆ ಸುಳ್ಳು ಬರೆದಾಗಿದೆ. ನಾಳೆ ನಮ್ಮ ಯಜಮಾನರು ವ್ಯಾಸರಾಜರು ನಿಮ್ಮ ಹಾಸಿಗೆಯ ಪಕ್ಕ ಕೂತು ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪೂರ್ತಿ ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ.

ಮೂರು ತಿಂಗಳ ಹಿಂದೆ ಸೊಂಟದ ಆಪರೇಷನ್ ಮುಗಿಸಿ, ಮತ್ತೆ ನಡೆಯಲು ಕಲಿಯಬೇಕೆಂದು ನೀವು ನಮ್ಮ ಆಸ್ಪತ್ರೆಗೆ ಬಂದಿರಿ. ಉಡುಪಿಯಿಂದ ಬಂದ ಫಿಸಿಯೋಥೆರಪಿಯವಳಾದ ನನಗೆ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟ. "ನಮ್ಮಲ್ಲಿ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ ಹುಡುಗಿ" ಎಂದು ನಕ್ಕು, ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ನನ್ನ ತೋಳಿಗೆ ಕೊಟ್ಟು, ಎದೆಗೆ ಅವಚಿ ಹಿಡಿಯುವುದನ್ನು ತೋರಿಸಿದಿರಿ. ತೊಂಬತ್ತೊಂದು ವರ್ಷದ ರೋಗಿ ಪಾಠ ಹೇಳುತ್ತಿದ್ದರೆ ನಾನು ಕೈಕಟ್ಟಿ ನಿಲ್ಲುವುದೊಂದು ಬಾಕಿ.

ಆಮೇಲೆ ಹೆಜ್ಜೆಗೊಂದು ಕಥೆ. ಇಪ್ಪತ್ತೆರಡನೇ ಇಸವಿಯಲ್ಲಿ ಕುರಿ ಮೇಯುವ ಜಾಗದ ಕಲ್ಲು ಆರಿಸಿ ಮೈದಾನ ಮಾಡಿದ್ದು, ಹುಡುಗರು ತಲೆಗೆ ಪೆಟ್ಟಾಗದಂತೆ ಹಾಕುವ ತೊಗಲಿನ ಟೋಪಿಗಳು ಹರಿದಾಗ ನೀವೇ ಹೊಲಿದದ್ದು, ಏಪ್ರಿಕಾಟ್ ತೋಟದ ಕೂಲಿಯವರ ಮಕ್ಕಳನ್ನೂ ತಂಡಕ್ಕೆ ಸೇರಿಸಿಕೊಂಡು ಒಂದೇ ಕಾಲೇಜಿನಲ್ಲಿ ಮೂವತ್ತೆಂಟು ವರ್ಷ ಆಡಿಸಿದ್ದು. ಮೊದಲ ವಾರ ಹುಡುಗರಿಗೆ ಚೆಂಡನ್ನೇ ತೋರಿಸುತ್ತಿರಲಿಲ್ಲವಂತೆ, ಬರೀ ಬಿದ್ದು ಏಳುವುದನ್ನು ಕಲಿಸುತ್ತಿದ್ದಿರಂತೆ. "ಬೀಳೋಕೆ ಹೆದರೋನು ಓಡೋದಿಲ್ಲ" ಎಂದಿರಿ. ನಾಲ್ಕು ವರ್ಷ ದಪ್ಪ ಪುಸ್ತಕ ಓದಿ ಬಂದವಳು ನಾನು. ನನಗೆ ಇದನ್ನು ಯಾರೂ ಹೇಳಿರಲಿಲ್ಲ ಅಜ್ಜ.

ನಾನು ದಂಗಾದದ್ದು ಮಾತ್ರ ನಿಮ್ಮ ಹಳೆಯ ಆಟಗಾರ ಸಿಲ್ವಾ ಬಂದ ದಿನ. ಎಪ್ಪತ್ತೈದು ದಾಟಿದ, ಜೀವಮಾನವಿಡೀ ಹಾಲಿನ ಲಾರಿ ಓಡಿಸಿದ ಮನುಷ್ಯ ಬಾಗಿಲಲ್ಲೇ ಹ್ಯಾಟು ತೆಗೆದರು. ನಿಮಗೆ ನಿದ್ದೆ ಹತ್ತಿದ ಮೇಲೆ ನನಗೆ ಹೇಳಿದರು: ಮೂವತ್ತೊಂದರ ದೊಡ್ಡ ಪಂದ್ಯದ ಕೊನೆಯ ನಿಮಿಷದಲ್ಲಿ ಚೆಂಡು ಅವರ ಕೈಯಿಂದ ಜಾರಿತು, ತಂಡ ಸೋತಿತು. ಪತ್ರಿಕೆಯವರು ಮುತ್ತಿಕೊಂಡಾಗ ನೀವು, "ಒದ್ದೆ ಚೆಂಡನ್ನ ಅವನ ಕೈಗೆ ಕೊಡಿಸಿದ್ದು ನಾನು. ಬರ್ಕೊಳ್ಳಿ ನನ್ನ ಹೆಸರು" ಎಂದಿರಂತೆ. ಆ ವರ್ಷ ನಿಮ್ಮ ಕೆಲಸವೇ ಹೋಗುವುದರಲ್ಲಿತ್ತಂತೆ. "ಆಡಿಸೋನು ನಾನು, ಸೋಲೂ ನಂದೇ ಅಂತಿದ್ರು. ಒಬ್ಬ ಹುಡುಗನ ಹೆಸರನ್ನೂ ಒಂದು ದಿನವೂ ಹೇಳಲಿಲ್ಲ" ಎಂದು ಸಿಲ್ವಾ ಕಣ್ಣೊರೆಸಿಕೊಂಡರು. ಇಂಥವರ ಪಾದ ನಾನು ದಿನಾ ಮುಟ್ಟುತ್ತಿದ್ದೇನಲ್ಲ ಎಂದುಕೊಂಡೆ.

ಆ ತಂಡದಲ್ಲಿ ಇನ್ನೂ ಬದುಕಿರುವ ಐವರು ಮೊನ್ನೆ ಶನಿವಾರ ಹಳೆಯ ಮೈದಾನದಲ್ಲಿ ಸೇರುವುದಿತ್ತು. ಗಾಲಿಕುರ್ಚಿ ಬೇಡ, ನಡೆದೇ ಬರುತ್ತೇನೆಂದು ನೀವು ಹಟ ಹಿಡಿದಿರಿ. ನಡೆಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ಅದಕ್ಕೆ ಐದು ದಿನ ಮೊದಲು, ನೀವು ನಡಿಗೆ ಕಲಿಯುವ ಜೋಡಿ ಕಂಬಿಗಳ ನಡುವೆ ನಿಂತಿದ್ದಾಗ ಫೋನು ಬಡಿದುಕೊಂಡಿತು. ಬೆಳಿಗ್ಗೆ ನನ್ನ ಮಗಳ ಮೈ ಬೆಚ್ಚಗಿತ್ತು. ಡೇಕೇರಿನವರೇ ಇರಬೇಕೆಂದು ನೀವು ಬೀಳದಂತೆ ಸೊಂಟಕ್ಕೆ ಕಟ್ಟಿ ನಾನು ಹಿಡಿದಿದ್ದ ಪಟ್ಟಿ ಬಿಟ್ಟು ಓಡಿದೆ. ನೀವು ಬಿದ್ದಿರಿ, ಮಣಿಕಟ್ಟು ಮುರಿಯಿತು, ಶನಿವಾರ ಮೈದಾನಕ್ಕೆ ಹೋಗುವುದೂ ತಪ್ಪಿತು. ಮೇಲ್ವಿಚಾರಕಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ನೆಲದಿಂದ ನೀವು, "ಹುಡುಗಿ ನಿಲ್ಲಿ ಅಂದ್ಲು, ನಾನೇ ಅವಸರ ಮಾಡ್ದೆ" ಎಂದಿರಿ. ನಾನು, ಪಾಪಿ, ಅದನ್ನೇ ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದೆ.

ಮನೆಯಲ್ಲಿ ಹೇಳಿದಾಗ ಯಜಮಾನರು, "ಮಾರಾಯ್ತಿ, ಅಜ್ಜನೇ ಹೇಳಿ ಆಯ್ತಲ್ಲ. ಇನ್ನು ಕೆದಕಲಿಕ್ಕೆ ಹೋಗ್ಬೇಡ. ನಿನ್ನ ಕೆಲಸ ಹೋದ್ರೆ ನಮ್ಮ ವೀಸಾ ಎಂತ ಆಗ್ತದೆ?" ಎಂದರು. ಅವರ ಓದು ಮುಗಿಯಲು ಇನ್ನೂ ಒಂದು ವರ್ಷವಿದೆ. ನಾನೂ ತೆಪ್ಪಗಾದೆ.

ನಿನ್ನೆ ನಿಮ್ಮ ಫೈಲು ತೆರೆದೆ. "ಹೇಳಿದ ಮಾತು ಕೇಳದ ರೋಗಿ. ನಡಿಗೆಯ ಅಭ್ಯಾಸ ನಿಲ್ಲಿಸಬೇಕು" ಎಂದಿತ್ತು. ನನ್ನನ್ನು ಉಳಿಸಲು ನೀವಾಡಿದ ಮಾತು, ನಾನು ಸಹಿ ಹಾಕಿದ ಸುಳ್ಳು, ಎರಡೂ ಸೇರಿ ನಿಮ್ಮನ್ನು ಕೊನೆಯವರೆಗೆ ಕುರ್ಚಿಗೆ ಕಟ್ಟಿಹಾಕುವುದರಲ್ಲಿದ್ದವು.

ಇವತ್ತು ಬೆಳಿಗ್ಗೆ ಹೋಗಿ ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದ್ದಾರೆ. ಲೈಸೆನ್ಸು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಹೆದರಿಕೆ ಆಗುತ್ತಿದೆ. ಯಜಮಾನರು ಕೊನೆಗೆ, "ಆಯ್ತು, ಪತ್ರ ಬರೆ. ಅವರಿಗೆ ನಾನೇ ಓದ್ತೇನೆ" ಎಂದರು. ಗುರುವಾರದಿಂದ ನಿಮ್ಮ ನಡಿಗೆ ಮತ್ತೆ ಶುರು. ಹಿಡಿಯುವವರು ಬೇರೆಯವರು.

ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಇಷ್ಟು ವರ್ಷದ ಅನುಭವವಿದ್ದೂ ಆ ದಿನ ನೀವೊಂದು ಮರೆತಿರಿ ಅಜ್ಜ. ಆ ಕೋಣೆಯಲ್ಲಿ ಆಡುತ್ತಿದ್ದವರು ನೀವು, ಆಡಿಸುತ್ತಿದ್ದವಳು ನಾನು.

ಮುರಿದ ಮೂಳೆ ಬೇಗ ಕೂಡಲಿ, ಕಾಲಿಗೆ ಬಲ ಬರಲಿ. ಹೊಸಬರು ನಿಲ್ಲಿ ಎಂದಾಗ ದಯವಿಟ್ಟು ನಿಲ್ಲಿ.

ನಿಮ್ಮ ಆಶೀರ್ವಾದ ಬೇಡುವ,
ವಸುಧಾ