ದತ್ತುಮಗಳಿಗೆ ಬಾಗಿಲಿಲ್ಲ

ಮಾರ್ಲೋ ಲ್ಯಾಂಡಿಂಗ್, ವರ್ಜೀನಿಯಾ
೧೪ ಅಕ್ಟೋಬರ್ ೧೯೭೪

ಪ್ರೀತಿಯ ತಂಗಿ ವಿನಿ,

ನಿನ್ನ ಕಾಗದ ಬಂದು ತಿಂಗಳಾದರೂ ಉತ್ತರಿಸಲಿಲ್ಲವೆಂದು ಮುನಿಸಿಕೊಳ್ಳಬೇಡ. ಒಳ್ಳೆಯ ಸುದ್ದಿಯ ಜೊತೆಗೇ ಬರೆಯೋಣವೆಂದು ಕಾಯುತ್ತಿದ್ದೆ. ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಒಹಾಯೋದ ಚಳಿಗೆ ಮೊದಲೇ ಅವರಿಗೆ ಉಣ್ಣೆಯ ಕಾಲುಚೀಲ ಕಳಿಸುತ್ತೇನೆ.

ಸುದ್ದಿ ಇದು: ಶನಿವಾರ ಆಗಸ್ಟಾ ಪೆಲ್ ನನ್ನೆದುರು ನಿಂತು ಬೇಡಿಕೊಂಡಳು.

ಹೌದು, ಅದೇ ಆಗಸ್ಟಾ. ಮೊದಲ ವಸಾಹತುಗಾರರ ವಂಶದ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆಯಾಗಿ ಊರಿನ ಹೆಂಗಸರನ್ನೆಲ್ಲ ಕಣ್ಣಲ್ಲೇ ತೂಗುತ್ತಿದ್ದವಳು. ಹಾರ್ವುಡ್ ತಾತ ದತ್ತು ತಂದ ಮಗಳೆಂಬ ಒಂದೇ ಕಾರಣಕ್ಕೆ ನಮ್ಮಮ್ಮನನ್ನು ಸೇರಿಸಿಕೊಳ್ಳದೆ ಕಳಿಸಿದವಳು. ಹಾರ್ವುಡ್ಡರ ಇನ್ನೂರು ವರ್ಷದ ಮನೆಯನ್ನು ಗೆದ್ದಲಿನಿಂದ ಉಳಿಸಿ, ಒಳಗಿನ ಸಾಮಾನಿನ ಸಮೇತ ಸಂಘಕ್ಕೆ ದಾನ ಕೊಟ್ಟವಳು ಅಮ್ಮ. ಆ ಮನೆಯ ನಡುಕೋಣೆಯಲ್ಲೇ ಕೂತು ಅವಳಿಗೆ ಇಲ್ಲವೆಂದರು.

ಅಪ್ಪನ ವಂಶದ ಕಡೆಯಿಂದ ನಾನು ಅದೇ ಸಂಘ ಸೇರಿದಾಗ ನೀನು ನನ್ನೊಡನೆ ಮಾತು ಬಿಟ್ಟಿದ್ದೆ. ಯಾಕೆ ಸೇರಿದೆನೆಂದು ಈಗ ಕೇಳು.

ಈ ವರ್ಷ ಅಧ್ಯಕ್ಷೆ ನಾನು. ಆಗಸ್ಟಾ ಕೋಲೂರಿಕೊಂಡು ಮೊಮ್ಮಗಳು ಕೊರಿನ್‌ಳನ್ನು ಸೇರಿಸಲು ಕರೆತಂದಿದ್ದಳು. ಬಿಳಿ ಕೈಗವಸು ತೊಟ್ಟ ಲಕ್ಷಣವಾದ ಹುಡುಗಿ. ಅವಳೂ ದತ್ತುಮಗಳೆಂಬುದು ಊರಿಗೇ ಗೊತ್ತು.

"ನಿಯಮ ಒಂಚೂರು ಸಡಿಲಿಸೇ ಲಿಯೊನೋರಾ," ಎಂದಳು ಮುದುಕಿ. "ತೊಟ್ಟಿಲಲ್ಲಿದ್ದಾಗಿಂದ ನಿನ್ನ ನೋಡಿದೀನಿ. ನನ್ನ ಕಣ್ಣು ಮುಚ್ಚೋದ್ರೊಳಗೆ ಇವಳನ್ನ ಇಲ್ಲಿ ಕೂರಿಸ್ಬೇಕು ಕಣೇ."

"ಆಗಲ್ಲ ಮಿಸೆಸ್ ಪೆಲ್. ಎಷ್ಟೇ ಪ್ರೀತಿಯಿಂದ ಸಾಕಿರಬಹುದು, ಇಲ್ಲಿಗೆ ಬೇಕಾಗಿರೋದು ರಕ್ತ." ಅಂದು ಅಮ್ಮನಿಗೆ ಅವಳೇ ಹೇಳಿದ ಮಾತು. ಅದೇ ದನಿಯಲ್ಲಿ ಹೇಳಿದೆ.

ಹುಡುಗಿ ಕೆಂಪಾದಳು. "ಇಂಥ ನಿಯಮ ಯಾರ್ರೀ ಮಾಡಿದ್ದು?"

ನಾನು ಆಗಸ್ಟಾಳ ಮುಖವನ್ನೇ ನೋಡಿದೆ. ಎಲ್ಲ ಹೆಂಗಸರೂ ನೋಡಿದರು.

"ನೀವಾ ಅಜ್ಜಿ?"

ಮುದುಕಿ ಮುಖ ತಿರುಗಿಸಿದಳು. ಕೊರಿನ್ ಕೈಗವಸು ಕಳಚಿ ಮೇಜಿನ ಮೇಲಿಟ್ಟು ಹೊರಟುಹೋದಳು. ಅಜ್ಜಿಗೆ ತೋಳು ಕೊಡಲಿಲ್ಲ. ಆಗಸ್ಟಾ ಕಂಬಿ ಹಿಡಿದು ಒಬ್ಬಳೇ ಮೆಟ್ಟಿಲಿಳಿಯುವುದನ್ನು ಕಿಟಕಿಯಲ್ಲಿ ನಿಂತು ಕೊನೆಯವರೆಗೂ ನೋಡಿದೆ. ಆಮೇಲೆ ಒಳಗೆ ಬಂದು ಹಂದಿಮಾಂಸ ತುಂಬಿದ ಬನ್ನು ತಿಂದೆ. ಅಷ್ಟು ರುಚಿಯಾಗಿ ಯಾವತ್ತೂ ಏನನ್ನೂ ತಿಂದಿರಲಿಲ್ಲ.

ಆ ಹುಡುಗಿ ಏನು ತಪ್ಪು ಮಾಡಿತ್ತು ಎನ್ನುತ್ತೀ. ಏನೂ ಮಾಡಿರಲಿಲ್ಲ. ಅಮ್ಮನೂ ಏನೂ ಮಾಡಿರಲಿಲ್ಲ.

ಬಿಟ್ಟುಬಿಡು ಎಂದು ನೀನು ವರ್ಷಗಟ್ಟಲೆ ಬುದ್ಧಿ ಹೇಳಿದೆ. ನಾನು ಬಿಡಲಿಲ್ಲ. ಬೇಕಾದರೆ ಇನ್ನೊಮ್ಮೆ ಮಾತು ಬಿಡು.

ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಲಿಯೊನೋರಾ

ಮರೆತ ಮಾತು: ಮರೆತದ್ದಲ್ಲ, ಯಾರಿಗೂ ಹೇಳಿರಲಿಲ್ಲ. ಅಮ್ಮನನ್ನು ಬೇಡವೆಂದ ದಿನ ನೀನು ಜ್ವರದಲ್ಲಿ ಮಲಗಿದ್ದೆ, ನಾನು ಜೊತೆಗೆ ಹೋಗಿದ್ದೆ. ಅಮ್ಮ ಎದ್ದು ಹೊರಟಾಗ ಆಗಸ್ಟಾ, "ಹೇಗೂ ಬಂದಿದೀಯಲ್ಲ ಮೇವಿಸ್, ಕೆಲಸದವಳು ಇವತ್ತು ಬಂದಿಲ್ಲ," ಎಂದಳು. ಅಮ್ಮ ಹೊಸ ನೀಲಿ ಉಡುಪಿನ ತೋಳು ಮಡಚಿ ಅವರೆಲ್ಲರ ಎಂಜಲು ಕಪ್ಪುಗಳನ್ನು ತೊಳೆದಳು. ನಾನು ಒರೆಸಿದೆ. ದಾರಿಯಲ್ಲಿ ಅಮ್ಮ ಖುಷಿಯಿಂದಲೇ ಹೇಳಿದಳು: "ಒಂದೂ ಒಡೆದಿಲ್ಲ ನೋಡೇ, ನಮ್ಮಜ್ಜಿ ಕಪ್ಪುಗಳು."